ಟಾಸ್ಕ್ ಯಾವಾಗ ಸರೀತು? ಸ್ಟೇಟಸ್ ಬದಲಾದ ಹೊತ್ತನ್ನು ಹಿಡಿದಿಡುವ ಬಗೆ

‘ಈ ಟಾಸ್ಕ್ ರಿವ್ಯೂಗೆ ಬಂದು ಎಷ್ಟು ದಿನ ಆಯ್ತು?’

ಮೀಟಿಂಗ್‌ನಲ್ಲಿ ಈ ಪ್ರಶ್ನೆ ಬಂದ ಕೂಡಲೇ ಎಲ್ಲರೂ ಬೋರ್ಡ್ ಕಡೆ ನೋಡುತ್ತಾರೆ. ಅಲ್ಲಿ ಒಂದೊಂದು ಟಾಸ್ಕ್ ಒಂದೊಂದು ಕಾರ್ಡ್, ಒಂದೊಂದು ಸ್ಟೇಟಸ್ ಒಂದೊಂದು ಕಾಲಮ್. ಬೋರ್ಡ್ ಬಾಯಿ ಬಿಡುವುದಿಲ್ಲ. ಕಾರ್ಡ್ ರಿವ್ಯೂ ಕಾಲಮ್‌ನಲ್ಲಿ ಕೂತಿದೆ, ಅಷ್ಟೇ. ‘ಮೊನ್ನೆ ತಾನೇ ಬಂತಲ್ಲ’ ಎಂದು ಒಬ್ಬರು. ‘ಇಲ್ಲಪ್ಪ, ಹೋದ ವಾರವೇ ಕೊಟ್ಟಿದ್ದೆ’ ಎಂದು ಇನ್ನೊಬ್ಬರು. ಹತ್ತು ನಿಮಿಷ ಹೀಗೇ ಹೋಗುತ್ತದೆ.

ನಾನೂ ಒಮ್ಮೆ ಇದಕ್ಕೆ ಸುಲಭದ ದಾರಿ ಹುಡುಕಿ ಕೈ ಸುಟ್ಟುಕೊಂಡೆ. ನಾವು ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ‘ಕೊನೆಯ ಅಪ್‌ಡೇಟ್’ ಎಂಬ ಕಾಲಮ್ ಇತ್ತು. ಅದನ್ನೇ ಸ್ಟೇಟಸ್ ಬದಲಾದ ದಿನ ಎಂದುಕೊಂಡು ಎರಡು ತಿಂಗಳು ರಿಪೋರ್ಟ್ ಮಾಡಿದೆ. ಒಂದು ದಿನ ತಂಡದಲ್ಲೊಬ್ಬರು ಕೂತು ಹಳೇ ಟಾಸ್ಕ್‌ಗಳ ಹೆಸರಿನಲ್ಲಿದ್ದ ಕಾಗುಣಿತದ ತಪ್ಪುಗಳನ್ನೆಲ್ಲ ತಿದ್ದಿದರು. ಒಳ್ಳೇ ಕೆಲಸವೇ. ಆದರೆ ಮಾರನೇ ದಿನ ನೋಡಿದರೆ ನಲವತ್ತು ಟಾಸ್ಕ್‌ಗಳು ಒಂದೇ ಮಧ್ಯಾಹ್ನ ‘ಮುಗಿದಿದ್ದವು’. ಆ ಕಾಲಮ್ ಸ್ಟೇಟಸ್ ನೋಡುವುದೇ ಇಲ್ಲ. ಕಾಮೆಂಟ್ ಹಾಕಿದರೂ, ಲೇಬಲ್ ಬದಲಿಸಿದರೂ, ಒಂದು ಅಕ್ಷರ ತಿದ್ದಿದರೂ ಹೊಸ ದಿನಾಂಕ ಹಾಕಿಕೊಳ್ಳುತ್ತದೆ.

ಬೇಕಾಗಿದ್ದು ಬೇರೆಯೇ. ಟಾಸ್ಕ್ ಒಂದು ಕಾಲಮ್‌ನಿಂದ ಇನ್ನೊಂದಕ್ಕೆ ದಾಟಿದ ಆ ಗಳಿಗೆಯಲ್ಲೇ ಅದು ಬರಹಕ್ಕೆ ಇಳಿಯಬೇಕು. ಆಮೇಲೆ ಯಾರೂ ಅದರ ಮೇಲೆ ಗೀಚಬಾರದು. ಅದನ್ನು ಮಾಡುವ ಬಗೆ ಇಲ್ಲಿದೆ.

ಹೆಜ್ಜೆ 1: ಪ್ರಶ್ನೆ ಯಾವುದು?

ಸಾಫ್ಟ್‌ವೇರ್ ತೆರೆಯುವ ಮುಂಚೆ, ನಿಮಗೆ ಉತ್ತರ ಬೇಕಾಗಿರುವ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಸಾಮಾನ್ಯವಾಗಿ ಅದು ಈ ಮೂರರಲ್ಲಿ ಒಂದಾಗಿರುತ್ತದೆ.

ಈ ಟಾಸ್ಕ್ ಈಗಿರುವ ಸ್ಟೇಟಸ್‌ಗೆ ಯಾವಾಗ ಬಂತು? ಇದಕ್ಕೆ ಒಂದೇ ಒಂದು ದಿನಾಂಕದ ಫೀಲ್ಡ್ (ದಿನಾಂಕ ತುಂಬುವ ಜಾಗ) ಸಾಕು.

ಶುರುವಾಗಿ ಮುಗಿಯಲು ಎಷ್ಟು ಹೊತ್ತು ಹಿಡಿಯಿತು? ಇದಕ್ಕೆ ಎರಡು ಬೇಕು: ಕೆಲಸ ಹಿಡಿದ ದಿನ, ಮುಗಿಸಿದ ದಿನ.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ? ಇದಕ್ಕೆ ದಿನಾಂಕಗಳ ಫೀಲ್ಡ್ ಸಾಲದು. ಪ್ರತಿ ಬದಲಾವಣೆಯೂ ಒಂದು ಸಾಲಾಗಿ ಕೂರುವ ಪೂರ್ತಿ ಲಾಗ್ ಬೇಕು.

ಮೂರನೆಯದಕ್ಕೆ ಕೆಲಸ ಜಾಸ್ತಿ. ಮೊದಲೆರಡು ಪ್ರಶ್ನೆಗಳಿಗಷ್ಟೇ ಉತ್ತರ ಬೇಕಿದ್ದರೆ ಹೆಜ್ಜೆ 4ರಲ್ಲೇ ನಿಲ್ಲಿಸಬಹುದು. ಸುಮ್ನೆ ದೊಡ್ಡ ವ್ಯವಸ್ಥೆ ಕಟ್ಟಿ ಯಾರೂ ನೋಡದ ಡ್ಯಾಶ್‌ಬೋರ್ಡ್ ಮಾಡಿಡಬೇಡಿ.

ಹೆಜ್ಜೆ 2: ಸ್ಟೇಟಸ್‌ಗಳನ್ನು ಒಮ್ಮೆ ಜಾಡಿಸಿ

ಹದಿಮೂರು ಸ್ಟೇಟಸ್ ಇರುವ ಬೋರ್ಡ್‌ಗಳನ್ನು ನೋಡಿದ್ದೇನೆ. ಅದರಲ್ಲಿ ‘ಬಹುತೇಕ ಮುಗಿದಿದೆ’ ಎಂಬುದೂ ಒಂದು. ಇಂಥ ಬೋರ್ಡ್‌ನಿಂದ ಎಷ್ಟು ನಿಖರವಾದ ಸಮಯ ತೆಗೆದರೂ ಅದಕ್ಕೆ ಅರ್ಥವಿಲ್ಲ. ಯಾಕೆಂದರೆ ಆ ಸ್ಟೇಟಸ್‌ಗೆ ಯಾವಾಗ ಸರಿಸಬೇಕು ಎಂಬುದೇ ಯಾರಿಗೂ ಗೊತ್ತಿಲ್ಲ.

ಪ್ರತಿ ಸ್ಟೇಟಸ್‌ಗೂ ಒಂದು ಸಾಲಿನ ನಿಯಮ ಬರೆಯಿರಿ. ‘ನಡೆಯುತ್ತಿದೆ’ ಎಂದರೆ ಒಬ್ಬರು ಇವತ್ತು ಅದರ ಮೇಲೆ ಕೈ ಇಟ್ಟಿದ್ದಾರೆ. ‘ರಿವ್ಯೂ’ ಎಂದರೆ ಮಾಡಿದವರ ಕೈಯಿಂದ ಹೊರಗೆ ಬಂದಿದೆ, ನೋಡುವವರು ನೋಡಬೇಕು. ಹೀಗೆ ಬರೆಯುವಾಗ ಒಂದು ವಿಷಯ ತಾನಾಗೇ ಹೊರಬೀಳುತ್ತದೆ: ಕೆಲವು ಸ್ಟೇಟಸ್‌ಗಳಲ್ಲಿ ಕೆಲಸ ನಡೆಯುತ್ತದೆ, ಕೆಲವುಗಳಲ್ಲಿ ಟಾಸ್ಕ್ ಸುಮ್ಮನೆ ಕಾಯುತ್ತದೆ. ಸಾಧ್ಯವಾದರೆ ಇವೆರಡನ್ನೂ ಬೇರೆ ಮಾಡಿ. ‘ರಿವ್ಯೂಗೆ ಕಾಯುತ್ತಿದೆ’ ಬೇರೆ, ‘ರಿವ್ಯೂ ನಡೆಯುತ್ತಿದೆ’ ಬೇರೆ. ಈ ಒಂದು ಬದಲಾವಣೆಯಿಂದಲೇ ಮುಂದಿನ ಲೆಕ್ಕದ ಅರ್ಧ ಪ್ರಯೋಜನ ಸಿಗುತ್ತದೆ.

ಹೆಜ್ಜೆ 3: ಸಾಫ್ಟ್‌ವೇರ್ ಆಗಲೇ ಏನು ಬರೆದಿಟ್ಟಿದೆ?

ಜಿರಾ, ಟ್ರೆಲ್ಲೋ ಥರದ, ಟಾಸ್ಕ್ ನೋಡಿಕೊಳ್ಳುವ ಹೆಚ್ಚಿನ ಸಾಫ್ಟ್‌ವೇರ್‌ಗಳು ನಿಮಗೆ ಹೇಳದೆಯೇ ಇತಿಹಾಸ ಬರೆದಿಟ್ಟಿರುತ್ತವೆ. ಅದು ಎಲ್ಲಿದೆ, ಎಷ್ಟು ಹಿಂದಿನದು ಸಿಗುತ್ತದೆ, ಅದರಿಂದ ರಿಪೋರ್ಟ್ ತೆಗೆಯಬಹುದಾ ಎಂಬುದು ಮಾತ್ರ ಒಂದೊಂದರಲ್ಲಿ ಒಂದೊಂದು ಥರ.

ಜಿರಾದಲ್ಲಿ ಟಾಸ್ಕ್ ತೆರೆದು ಕೆಳಗೆ ಆಕ್ಟಿವಿಟಿ ಭಾಗದಲ್ಲಿ ‘ಹಿಸ್ಟರಿ’ ಒತ್ತಿ. ಯಾರು, ಯಾವಾಗ, ಯಾವ ಸ್ಟೇಟಸ್‌ನಿಂದ ಯಾವುದಕ್ಕೆ ಸರಿಸಿದರು ಎಂಬುದೆಲ್ಲ ಇರುತ್ತದೆ. ಒಂದು ಟಾಸ್ಕ್‌ಗೆ ಇದು ಸಾಕು, ನೂರಕ್ಕೆ ಆಗುವುದಿಲ್ಲ. ನೂರಕ್ಕೆ ಜೆಕ್ಯೂಎಲ್ ಎಂಬ ಜಿರಾದ ಹುಡುಕಾಟದ ಭಾಷೆಯಲ್ಲಿ ‘ಚೇಂಜ್ಡ್’ ಮತ್ತು ‘ವಾಸ್’ ಎಂಬ ಪದಗಳಿವೆ. ಸ್ಟೇಟಸ್ ಚೇಂಜ್ಡ್ ಎಂದು ಬರೆದು, ಮುಂದೆ ಫ್ರಮ್, ಟು, ಆಫ್ಟರ್, ಬಿಫೋರ್, ಡ್ಯೂರಿಂಗ್, ಬೈ ಸೇರಿಸಬಹುದು. ‘ಈಗ ರಿವ್ಯೂನಲ್ಲಿದೆ, ಕಳೆದ 7 ದಿನದಲ್ಲಿ ಸ್ಟೇಟಸ್ ಬದಲಾಗಿಲ್ಲ’ ಎಂಬ ಹುಡುಕಾಟವನ್ನು ಒಮ್ಮೆ ಬರೆದು ಫಿಲ್ಟರ್ ಆಗಿ ಉಳಿಸಿಬಿಡಿ. ನನಗೆ ಅತಿ ಹೆಚ್ಚು ಉಪಯೋಗವಾದ ಫಿಲ್ಟರ್ ಇದೇ. ಒಂದು ಮಿತಿ ಇದೆ: ಇದು ಯಾವ ಟಾಸ್ಕ್‌ಗಳು ಎಂದು ಹೇಳುತ್ತದೆ, ಬದಲಾದ ದಿನಾಂಕವನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲ. ದಿನಾಂಕಗಳೇ ಬೇಕೆಂದರೆ ಎಪಿಐ (ಪ್ರೋಗ್ರಾಂಗಳು ಸಾಫ್ಟ್‌ವೇರ್‌ನಿಂದ ಮಾಹಿತಿ ಪಡೆಯುವ ದಾರಿ) ಮೂಲಕ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ಪಟ್ಟಿ, ತರಬೇಕು.

ಜಿರಾದ ಇನ್ನೊಂದು ಹಳ್ಳವನ್ನೂ ಹೇಳಿಬಿಡುತ್ತೇನೆ, ಬಹಳ ಜನ ಬೀಳುತ್ತಾರೆ. ‘ರಿಸಾಲ್ವ್ಡ್’ ದಿನಾಂಕ ತುಂಬುವುದು ಸ್ಟೇಟಸ್ ‘ಡನ್’ (ಮುಗಿದಿದೆ) ಆದಾಗ ಅಲ್ಲ. ‘ರೆಸಲ್ಯೂಷನ್’ ಎಂಬ ಬೇರೆಯೇ ಫೀಲ್ಡ್ ತುಂಬಿದಾಗ. ಡನ್ ಕಾಲಮ್‌ಗೆ ಸರಿಸುವಾಗ ರೆಸಲ್ಯೂಷನ್ ತುಂಬುವಂತೆ ವರ್ಕ್‌ಫ್ಲೋ (ಸ್ಟೇಟಸ್ ಸರಿಯುವ ನಿಯಮಗಳು) ಮಾಡದಿದ್ದರೆ, ಮುಗಿದ ಟಾಸ್ಕ್‌ಗಳಿಗೆ ಮುಗಿದ ದಿನವೇ ಇರುವುದಿಲ್ಲ.

ಟ್ರೆಲ್ಲೋದಲ್ಲಿ ಸ್ಟೇಟಸ್ ಅಂತ ಪ್ರತ್ಯೇಕ ಏನೂ ಬೇಕಿಲ್ಲ, ಕಾರ್ಡ್ ಯಾವ ಲಿಸ್ಟ್‌ನಲ್ಲಿದೆಯೋ ಅದೇ ಸ್ಟೇಟಸ್. ಕಾರ್ಡ್ ಹಿಂಭಾಗದ ಆಕ್ಟಿವಿಟಿಯಲ್ಲಿ ಲಿಸ್ಟ್ ಬದಲಾದದ್ದು ದಾಖಲಾಗಿರುತ್ತದೆ. ಬೋರ್ಡನ್ನು ಜೇಸನ್ ಎಂಬ, ಪ್ರೋಗ್ರಾಂಗಳು ಓದುವ ಫೈಲಾಗಿ ಇಳಿಸಿಕೊಂಡರೆ ಕೊನೆಯ 1000 ಚಟುವಟಿಕೆಗಳಷ್ಟೇ ಅದರಲ್ಲಿ ಬರುತ್ತವೆ. ಗಿಜಿಗುಡುವ ಬೋರ್ಡ್‌ನಲ್ಲಿ ಅದು ಕೆಲವೇ ವಾರಗಳ ಕಥೆ. ಹಾಗಾಗಿ ಇತಿಹಾಸ ಬೇಕಿದ್ದರೆ ಆಗಾಗ ಇಳಿಸಿಕೊಳ್ಳಿ. ಒಂದು ಮಜಾ ವಿಷಯ: ಕಾರ್ಡ್‌ನ ಉದ್ದನೆಯ ಐಡಿಯಲ್ಲಿರುವ ಮೊದಲ 8 ಅಕ್ಷರಗಳು ಅದು ಹುಟ್ಟಿದ ಹೊತ್ತು. ಹದಿನಾರರ ಪದ್ಧತಿಯಲ್ಲಿರುವ ಆ ಸಂಖ್ಯೆಯನ್ನು ಮಾಮೂಲಿ ಸಂಖ್ಯೆಗೆ ಬದಲಿಸಿದರೆ, 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಎಂಬುದು ಸಿಗುತ್ತದೆ. ಕಾರ್ಡ್ ಮಾಡಿದ ದಿನ ಎಲ್ಲೂ ಸಿಗದಿದ್ದಾಗ ಇದು ಕೈ ಹಿಡಿಯುತ್ತದೆ.

ಅಜೂರ್ ಡೆವ್‌ಆಪ್ಸ್‌ನವರು ಇದನ್ನು ಮೊದಲೇ ಯೋಚಿಸಿದ್ದಾರೆ. ‘ಸ್ಟೇಟ್ ಚೇಂಜ್ ಡೇಟ್’ ಎಂಬ ಫೀಲ್ಡ್ ತಾನಾಗೇ ತುಂಬುತ್ತದೆ, ಅದನ್ನು ಕಾಲಮ್ ಆಗಿ ಹಾಕಿಕೊಂಡರೆ ಮೊದಲ ಪ್ರಶ್ನೆ ಮುಗಿಯಿತು. ಕ್ಲಿಕ್‌ಅಪ್‌ನಲ್ಲಿ ‘ಟೈಮ್ ಇನ್ ಸ್ಟೇಟಸ್’ ಎಂಬ ಸೌಲಭ್ಯ ಇದೆ, ಅಡ್ಮಿನ್ ಅದನ್ನು ಆನ್ ಮಾಡಬೇಕು. ಮಂಡೇ ಡಾಟ್ ಕಾಮ್‌ನಲ್ಲಿ ಆಕ್ಟಿವಿಟಿ ಲಾಗ್ ಇದೆ. ಆದರೆ ಎಷ್ಟು ಹಿಂದಿನವರೆಗೆ ನೋಡಬಹುದು ಎಂಬುದು ನೀವು ಕೊಳ್ಳುವ ಪ್ಲ್ಯಾನ್ ಮೇಲೆ ನಿಂತಿದೆ. ಅಲ್ಲಿನ ‘ಲಾಸ್ಟ್ ಅಪ್‌ಡೇಟೆಡ್’ ಕಾಲಮ್ಮನ್ನು ಸ್ಟೇಟಸ್ ದಿನಾಂಕ ಎಂದುಕೊಳ್ಳಬೇಡಿ. ನೋಷನ್‌ನ ‘ಲಾಸ್ಟ್ ಎಡಿಟೆಡ್ ಟೈಮ್’ ಕೂಡ ಹಾಗೇ.

ರೆಡ್‌ಮೈನ್ ನಿಮ್ಮದೇ ಸರ್ವರ್‌ನಲ್ಲಿ ಇದ್ದರೆ ಅದೃಷ್ಟ. ‘ಜರ್ನಲ್ಸ್’, ‘ಜರ್ನಲ್ ಡೀಟೇಲ್ಸ್’ ಎಂಬ ಎರಡು ಟೇಬಲ್‌ಗಳಲ್ಲಿ ಪ್ರತಿ ಬದಲಾವಣೆಯ ಹಳೇ ಸ್ಟೇಟಸ್, ಹೊಸ ಸ್ಟೇಟಸ್, ಹೊತ್ತು ಎಲ್ಲವೂ ಕೂತಿದೆ. ಡೇಟಾಬೇಸ್‌ಗೆ ಒಂದು ಕ್ವೆರಿ (ಪ್ರಶ್ನೆ) ಬರೆದರೆ ಪೂರ್ತಿ ಲಾಗ್ ಕೈಗೆ ಬರುತ್ತದೆ.

ಒಂದು ಸಣ್ಣ ಅಂಶ. ಟಾಸ್ಕ್ ಹುಟ್ಟಿದಾಗಿನ ಮೊದಲ ಸ್ಟೇಟಸ್ ಜಿರಾದ ಚೇಂಜ್‌ಲಾಗ್‌ನಲ್ಲೂ ಇರುವುದಿಲ್ಲ, ರೆಡ್‌ಮೈನ್ ಜರ್ನಲ್‌ನಲ್ಲೂ ಇರುವುದಿಲ್ಲ. ಅದು ಬದಲಾವಣೆ ಅಲ್ಲವಲ್ಲ. ಹುಟ್ಟಿದ ದಿನಾಂಕವನ್ನು ಬೇರೆ ಕಡೆಯಿಂದ ತಂದು ಮೊದಲ ಸಾಲಾಗಿ ನೀವೇ ಸೇರಿಸಬೇಕು. ಇದನ್ನು ಮರೆತರೆ ಮೊದಲ ಸ್ಟೇಟಸ್‌ನಲ್ಲಿ ಕಳೆದ ಹೊತ್ತೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಹೆಜ್ಜೆ 4: ದಿನಾಂಕದ ಮುದ್ರೆ ಹಾಕಿಸಿ

ಮೊದಲೆರಡು ಪ್ರಶ್ನೆಗಳಿಗೆ ಇದು ಸಾಕು. ಟಾಸ್ಕ್‌ಗೆ ಮೂರು ದಿನಾಂಕದ ಫೀಲ್ಡ್‌ಗಳನ್ನು ಸೇರಿಸಿ: ‘ಕೆಲಸ ಹಿಡಿದ ದಿನ’, ‘ಈ ಸ್ಟೇಟಸ್‌ಗೆ ಬಂದ ದಿನ’, ‘ಮುಗಿದ ದಿನ’. ಆಮೇಲೆ ಆಟೊಮೇಷನ್ ನಿಯಮಗಳನ್ನು ಬರೆಯಿರಿ. ಜಿರಾದಲ್ಲಿ ಅದಕ್ಕೆ ಆಟೊಮೇಷನ್ ಎಂದೇ ಹೆಸರು, ಟ್ರೆಲ್ಲೋದಲ್ಲಿ ಬಟ್ಲರ್, ಅಸಾನಾದಲ್ಲಿ ರೂಲ್ಸ್. ಹೆಸರು ಬೇರೆ, ಮಾತು ಒಂದೇ: ‘ಸ್ಟೇಟಸ್ ಹೀಗಾದಾಗ, ಈ ಫೀಲ್ಡ್‌ನಲ್ಲಿ ಈಗಿನ ಹೊತ್ತನ್ನು ಬರೆ.’

ಬರೆಯುವಾಗ ಒಂದು ತೀರ್ಮಾನ ಮಾಡಲೇಬೇಕು. ಟಾಸ್ಕ್ ಅದೇ ಸ್ಟೇಟಸ್‌ಗೆ ಎರಡನೇ ಸಲ ಬಂದರೆ ಏನು ಮಾಡುವುದು? ಹಳೇ ದಿನಾಂಕ ಉಳಿಸುವುದಾ, ಹೊಸದನ್ನು ಅದರ ಮೇಲೆ ಬರೆಯುವುದಾ?

ನನ್ನ ರೂಢಿ ಹೀಗೆ. ‘ಕೆಲಸ ಹಿಡಿದ ದಿನ’ ಮೊದಲ ಸಲದ್ದೇ ಉಳಿಯಬೇಕು. ಆದ್ದರಿಂದ ನಿಯಮಕ್ಕೆ ‘ಫೀಲ್ಡ್ ಖಾಲಿ ಇದ್ದರೆ ಮಾತ್ರ’ ಎಂಬ ಷರತ್ತು ಹಾಕುತ್ತೇನೆ. ‘ಈ ಸ್ಟೇಟಸ್‌ಗೆ ಬಂದ ದಿನ’ ಪ್ರತಿ ಸಲವೂ ಹೊಸದಾಗಬೇಕು, ಷರತ್ತು ಬೇಡ. ‘ಮುಗಿದ ದಿನ’ ಕೊನೆಯ ಸಲದ್ದು. ಜೊತೆಗೆ, ಮುಗಿದದ್ದು ಮತ್ತೆ ತೆರೆದುಕೊಂಡರೆ ಆ ಫೀಲ್ಡನ್ನು ಖಾಲಿ ಮಾಡುವ ಇನ್ನೊಂದು ನಿಯಮ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ‘ನಡೆಯುತ್ತಿದೆ’ ಕಾಲಮ್‌ನಲ್ಲಿರುವ ಟಾಸ್ಕ್‌ಗೆ ಮುಗಿದ ದಿನಾಂಕ ಇರುವ ವಿಚಿತ್ರ ನೋಡಬೇಕಾಗುತ್ತದೆ.

ಈ ಫೀಲ್ಡ್‌ಗಳನ್ನು ಕೈಯಿಂದ ತಿದ್ದಲು ಬಾರದಂತೆ ಮಾಡುವ ಸೌಲಭ್ಯ ನಿಮ್ಮ ಸಾಫ್ಟ್‌ವೇರ್‌ನಲ್ಲಿದ್ದರೆ ಬಳಸಿ.

ಹೆಜ್ಜೆ 5: ಶೀಟ್‌ನಲ್ಲೇ ಕೆಲಸ ನಡೆಯುತ್ತಿದ್ದರೆ

ಸಾಫ್ಟ್‌ವೇರ್ ಏನೂ ಇಲ್ಲ, ಎಲ್ಲ ಗೂಗಲ್ ಶೀಟ್ಸ್‌ನಲ್ಲೇ ಎನ್ನುವ ತಂಡಗಳು ಬೇಕಾದಷ್ಟಿವೆ. ತಪ್ಪೇನೂ ಇಲ್ಲ. ಆದರೆ ಮೊದಲು ಎಲ್ಲರೂ ಮಾಡುವ ತಪ್ಪೊಂದಿದೆ: ಪಕ್ಕದ ಸೆಲ್‌ನಲ್ಲಿ ‘ಸ್ಟೇಟಸ್ ಮುಗಿದಿದ್ದರೆ ನೌ’ ಎಂಬ ಫಾರ್ಮುಲಾ ಹಾಕುವುದು. ಶೀಟ್ ಲೆಕ್ಕ ಮಾಡಿದಾಗೆಲ್ಲ ನೌ ಹೊಸ ಹೊತ್ತನ್ನು ತೋರಿಸುತ್ತದೆ. ನಾಳೆ ತೆರೆದರೆ ಎಲ್ಲ ಟಾಸ್ಕ್‌ಗಳೂ ನಾಳೆ ಮುಗಿದಿರುತ್ತವೆ.

ಚಿಕ್ಕ ತಂಡಕ್ಕೆ ಕೀಬೋರ್ಡ್ ದಾರಿ ಇದೆ. ಕಂಟ್ರೋಲ್ ಹಿಡಿದು ಸೆಮಿಕೋಲನ್ ಒತ್ತಿದರೆ ಇವತ್ತಿನ ದಿನಾಂಕ ಸೆಲ್‌ನಲ್ಲಿ ಕೂರುತ್ತದೆ, ಮತ್ತೆ ಬದಲಾಗುವುದಿಲ್ಲ. ಎಕ್ಸೆಲ್‌ನಲ್ಲೂ ಇದೇ. ಐದಾರು ಜನರವರೆಗೆ ಇದು ನಡೆಯುತ್ತದೆ, ಮರೆಯದಿದ್ದರೆ.

ಮರೆಯುತ್ತಾರೆ. ಹಾಗಾಗಿ ಗೂಗಲ್ ಶೀಟ್ಸ್ ಜೊತೆಗೇ ಬರುವ, ಪ್ರೋಗ್ರಾಂ ಬರೆಯುವ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ‘ಆನ್‌ಎಡಿಟ್’ ಎಂಬ ಫಂಕ್ಷನ್ ಬರೆಯಿರಿ. ಯಾರಾದರೂ ಸೆಲ್ ಬದಲಿಸಿದ ಕೂಡಲೇ ಅದು ತಾನಾಗೇ ಓಡುತ್ತದೆ. ಅದು ಮಾಡಬೇಕಾದದ್ದು ಇಷ್ಟು: ಬದಲಾದದ್ದು ಟಾಸ್ಕ್‌ಗಳ ಶೀಟ್ ಅಲ್ಲದಿದ್ದರೆ ನಿಲ್ಲು. ಸ್ಟೇಟಸ್ ಕಾಲಮ್ ಅಲ್ಲದಿದ್ದರೆ ನಿಲ್ಲು. ಅದೇ ಸಾಲಿನಿಂದ ಟಾಸ್ಕ್ ಐಡಿ ಓದು. ಲಾಗ್ ಶೀಟ್‌ನ ಕೊನೆಯಲ್ಲಿ ಐಡಿ, ಹಳೇ ಸ್ಟೇಟಸ್, ಹೊಸ ಸ್ಟೇಟಸ್, ಈಗಿನ ಹೊತ್ತು ಇರುವ ಒಂದು ಸಾಲು ಸೇರಿಸು.

ಇದರಲ್ಲಿ ಮೂರು ಕಡೆ ಎಡವುತ್ತೀರಿ. ಸಾಲಿನ ನಂಬರನ್ನು ಐಡಿಯಾಗಿ ಬಳಸಬೇಡಿ, ಯಾರೋ ಸಾರ್ಟ್ ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ಪ್ರತಿ ಟಾಸ್ಕ್‌ಗೂ ಬದಲಾಗದ ನಂಬರ್ ಕೊಡಿ. ಎರಡನೆಯದು, ಸೆಲ್‌ನಲ್ಲಿ ಮೊದಲು ಏನಿತ್ತು ಎಂಬುದನ್ನು ಶೀಟ್ ಹೇಳುವುದು ಒಂದೇ ಸೆಲ್ ಬದಲಾದಾಗ ಮಾತ್ರ. ಯಾರಾದರೂ ಹತ್ತು ಸಾಲಿಗೆ ‘ಮುಗಿದಿದೆ’ ಎಂದು ಪೇಸ್ಟ್ ಮಾಡಿದರೆ ಮೊದಲು ಇದ್ದದ್ದು ಸಿಗುವುದಿಲ್ಲ. ಅದಕ್ಕೇ ಹಳೇ ಸ್ಟೇಟಸ್ಸನ್ನು ಶೀಟ್‌ನಿಂದ ಕೇಳದೆ, ಲಾಗ್‌ನಲ್ಲಿ ಆ ಐಡಿಯ ಕೊನೆಯ ಸಾಲು ನೋಡಿ ತೆಗೆದುಕೊಳ್ಳಿ. ಬದಲಾದ ಸಾಲುಗಳನ್ನು ಒಂದೊಂದಾಗಿ ಸುತ್ತಿ ನೋಡಿ. ಮೂರನೆಯದು, ಆನ್‌ಎಡಿಟ್ ಓಡುವುದು ಮನುಷ್ಯರು ಬದಲಿಸಿದಾಗ. ಬೇರೆ ಸ್ಕ್ರಿಪ್ಟ್ ಅಥವಾ ಎಪಿಐ ಸ್ಟೇಟಸ್ ಬದಲಿಸಿದರೆ ಅದು ಓಡುವುದಿಲ್ಲ. ಅಂಥದ್ದಿದ್ದರೆ ಆ ಸ್ಕ್ರಿಪ್ಟೇ ಲಾಗ್ ಬರೆಯಬೇಕು.

ಹೆಜ್ಜೆ 6: ಪೂರ್ತಿ ಲಾಗ್

ಲಾಗ್‌ನ ನಿಯಮ ಒಂದೇ. ಸಾಲು ಸೇರಿಸಬಹುದು, ಇರುವ ಸಾಲನ್ನು ತಿದ್ದುವಂತಿಲ್ಲ. ಐದು ಕಾಲಮ್ ಸಾಕು: ಟಾಸ್ಕ್ ಐಡಿ, ಹಿಂದಿನ ಸ್ಟೇಟಸ್, ಹೊಸ ಸ್ಟೇಟಸ್, ಹೊತ್ತು, ಸರಿಸಿದ್ದು ಯಾರು. ಕೊನೆಯದರಲ್ಲಿ ಆಟೊಮೇಷನ್ ಸರಿಸಿದ್ದರೆ ಹಾಗೇ ಬರೆಯಲಿ, ಆಮೇಲೆ ಬೇರ್ಪಡಿಸಲು ಬೇಕಾಗುತ್ತದೆ.

ಹೊತ್ತನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇಡಿ, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಬದಲಿಸಿ. ಗಡಿಯಾರವನ್ನು ವರ್ಷಕ್ಕೆರಡು ಸಲ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ತಂಡದವರಿದ್ದರೆ ಇದು ಖಂಡಿತ ಬೇಕು. ಅಲ್ಲಿ ವರ್ಷದಲ್ಲಿ ಒಂದು ದಿನ ಒಂದೇ ಗಂಟೆ ಎರಡು ಸಲ ಬರುತ್ತದೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಐಎಸ್‌ಒ 8601 ಕ್ರಮದಲ್ಲಿ ಬರೆಯಿರಿ. 03/04 ಎಂದರೆ ಮಾರ್ಚ್ 4 ಎನ್ನುವವರೂ ಇದ್ದಾರೆ, ಏಪ್ರಿಲ್ 3 ಎನ್ನುವವರೂ ಇದ್ದಾರೆ.

ಈಗ ಒಂದು ಟಾಸ್ಕನ್ನು ಹತ್ತಿರದಿಂದ ನೋಡೋಣ. ಲಾಗಿನ್ ಪುಟದ ತಪ್ಪು ಸಂದೇಶ ಸರಿಪಡಿಸುವ ಸಣ್ಣ ಕೆಲಸ. ಇದರ ಲಾಗ್ ಹೀಗಿದೆ ಎಂದುಕೊಳ್ಳಿ.

2025-03-03, 10:00: ಹುಟ್ಟಿತು, ‘ಮಾಡಬೇಕು’
2025-03-05, 10:00: ‘ಮಾಡಬೇಕು’ ಇಂದ ‘ನಡೆಯುತ್ತಿದೆ’
2025-03-06, 16:00: ‘ನಡೆಯುತ್ತಿದೆ’ ಇಂದ ‘ರಿವ್ಯೂ’
2025-03-11, 11:00: ‘ರಿವ್ಯೂ’ ಇಂದ ವಾಪಸ್ ‘ನಡೆಯುತ್ತಿದೆ’
2025-03-11, 15:00: ‘ನಡೆಯುತ್ತಿದೆ’ ಇಂದ ‘ರಿವ್ಯೂ’
2025-03-13, 15:00: ‘ರಿವ್ಯೂ’ ಇಂದ ‘ಮುಗಿದಿದೆ’

ಹೆಜ್ಜೆ 7: ಲೆಕ್ಕ

ವಿಧಾನ ಸರಳ. ಒಂದೇ ಐಡಿಯ ಸಾಲುಗಳನ್ನು ಹೊತ್ತಿನ ಪ್ರಕಾರ ಜೋಡಿಸಿ. ಪ್ರತಿ ಸಾಲಿನ ಹೊತ್ತನ್ನು ಮುಂದಿನ ಸಾಲಿನ ಹೊತ್ತಿನಿಂದ ಕಳೆಯಿರಿ. ಬಂದದ್ದು ಆ ಸಾಲಿನ ‘ಹೊಸ ಸ್ಟೇಟಸ್’ನಲ್ಲಿ ಕಳೆದ ಹೊತ್ತು. ಸ್ಟೇಟಸ್‌ವಾರು ಕೂಡಿಸಿ.

ನಮ್ಮ ಟಾಸ್ಕ್ ‘ಮಾಡಬೇಕು’ನಲ್ಲಿ 48 ಗಂಟೆ ಇತ್ತು. ‘ನಡೆಯುತ್ತಿದೆ’ಯಲ್ಲಿ ಮೊದಲ ಸಲ 30, ಎರಡನೇ ಸಲ 4, ಒಟ್ಟು 34 ಗಂಟೆ. ‘ರಿವ್ಯೂ’ನಲ್ಲಿ ಮೊದಲ ಸಲ 115, ಎರಡನೇ ಸಲ 48, ಒಟ್ಟು 163 ಗಂಟೆ. ಎಲ್ಲ ಕೂಡಿದರೆ 245. ಹುಟ್ಟಿದ್ದರಿಂದ ಮುಗಿಯುವವರೆಗಿನ ಈ 245ಕ್ಕೆ ಲೀಡ್ ಟೈಮ್ ಎನ್ನುತ್ತಾರೆ. ಕೆಲಸ ಹಿಡಿದದ್ದರಿಂದ ಮುಗಿಯುವವರೆಗಿನ 197 ಗಂಟೆಗೆ ಸೈಕಲ್ ಟೈಮ್.

ಆ 197ರಲ್ಲಿ ಕೆಲಸ ನಡೆದ ಸ್ಟೇಟಸ್‌ನಲ್ಲಿ ಇದ್ದದ್ದು 34 ಗಂಟೆ, ಸುಮಾರು 17%. ಉಳಿದದ್ದೆಲ್ಲ ರಿವ್ಯೂ. ‘ಡೆವಲಪರ್‌ಗಳು ನಿಧಾನ’ ಎಂದು ಗೊಣಗುವ ಮೀಟಿಂಗ್‌ನಲ್ಲಿ ಈ ಒಂದು ಲೆಕ್ಕ ಸಾಕು, ಮಾತು ಬೇರೆ ಕಡೆ ತಿರುಗುತ್ತದೆ.

ಇದೇ ಟಾಸ್ಕ್‌ಗೆ ಹೆಜ್ಜೆ 4ರ ‘ಈ ಸ್ಟೇಟಸ್‌ಗೆ ಬಂದ ದಿನ’ ಫೀಲ್ಡ್ ಮಾತ್ರ ಇದ್ದಿದ್ದರೆ? ಮುಗಿಯುವ ಮುಂಚೆ ಅದರಲ್ಲಿ ಇರುತ್ತಿದ್ದದ್ದು ಮಾರ್ಚ್ 11ರ ಮಧ್ಯಾಹ್ನ 3 ಗಂಟೆ. ರಿವ್ಯೂ 48 ಗಂಟೆ ಹಿಡಿಯಿತು ಎಂದು ಹೇಳುತ್ತಿತ್ತು. ಮೊದಲ ಸುತ್ತಿನ 115 ಗಂಟೆ ಮಾಯ. ಮೂರನೇ ಪ್ರಶ್ನೆಗೆ ಲಾಗ್ ಬೇಕೇ ಬೇಕು ಎಂದದ್ದು ಇದಕ್ಕೇ.

ರಜೆಯ ದಿನಗಳನ್ನು ಕಳೆಯಬೇಕಾ? ಆ 115 ಗಂಟೆಯೊಳಗೆ ಮಾರ್ಚ್ 8, 9ರ ಶನಿವಾರ, ಭಾನುವಾರ ಸೇರಿವೆ. ಆ ಎರಡು ದಿನ ರಜೆ ಇರುವ ತಂಡಕ್ಕೆ ಅದು 67 ಗಂಟೆ. ನಾನು ಎರಡನ್ನೂ ಬೆರೆಸುವುದಿಲ್ಲ. ಗ್ರಾಹಕರಿಗೆ ಹೇಳುವಾಗ ಕ್ಯಾಲೆಂಡರ್ ದಿನ, ಯಾಕೆಂದರೆ ಕಾಯುವವರಿಗೆ ಭಾನುವಾರವೂ ದಿನವೇ. ತಂಡದೊಳಗೆ ಅಡಚಣೆ ಹುಡುಕುವಾಗ ಕೆಲಸದ ದಿನ. ಯಾವುದನ್ನು ಬಳಸಿದ್ದೀರಿ ಎಂದು ರಿಪೋರ್ಟ್ ತಲೆಯಲ್ಲೇ ಬರೆಯಿರಿ.

ಹಲವು ಟಾಸ್ಕ್‌ಗಳ ಲೆಕ್ಕ ಒಟ್ಟಿಗೆ ಹೇಳುವಾಗ ಸರಾಸರಿಯನ್ನು ನಂಬಬೇಡಿ. 20 ಟಾಸ್ಕ್‌ಗಳಲ್ಲಿ 19ಕ್ಕೆ ತಲಾ 3 ದಿನ, ಒಂದಕ್ಕೆ 63 ದಿನ ಹಿಡಿದರೆ ಸರಾಸರಿ 6 ದಿನ. ಆದರೆ 6 ದಿನ ಹಿಡಿದ ಟಾಸ್ಕ್ ಒಂದೂ ಇಲ್ಲ ಅಲ್ವಾ? ಅದರ ಬದಲು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ್ದನ್ನೂ, 85% ಟಾಸ್ಕ್‌ಗಳು ಎಷ್ಟು ದಿನದೊಳಗೆ ಮುಗಿದವು ಎಂಬುದನ್ನೂ ನೋಡಿ. 20ರಲ್ಲಿ ಅದು 17ನೆಯದು. ‘ಇಂಥ ಕೆಲಸ ಸಾಮಾನ್ಯವಾಗಿ 3 ದಿನ, ಹೆಚ್ಚೆಂದರೆ ಇಷ್ಟು’ ಎಂದು ಮಾತು ಕೊಡಲು ಈ ಎರಡು ಸಂಖ್ಯೆ ಸಾಕು. 63 ದಿನದ್ದನ್ನು ಮಾತ್ರ ಬೇರೆಯಾಗಿ ತೆರೆದು ಏನಾಯಿತು ಎಂದು ಓದಿ.

ಹೆಜ್ಜೆ 8: ಲೆಕ್ಕ ಕೆಡಿಸುವ ಸಂಗತಿಗಳು

ಶುಕ್ರವಾರ ಸಂಜೆಯ ಗುಡಿಸಾಟ. ವಾರವಿಡೀ ಬೋರ್ಡ್ ಮುಟ್ಟದೆ, ರಿಪೋರ್ಟ್‌ಗೆ ಮುಂಚೆ ಎಲ್ಲ ಕಾರ್ಡ್‌ಗಳನ್ನೂ ಒಟ್ಟಿಗೆ ಎಳೆಯುವುದು. ಲಾಗ್ ಹಿಡಿಯುವುದು ಕಾರ್ಡ್ ಸರಿದ ಹೊತ್ತನ್ನು, ಕೆಲಸ ಮುಗಿದ ಹೊತ್ತನ್ನಲ್ಲ. ಇದನ್ನು ಪತ್ತೆ ಮಾಡುವುದು ಸುಲಭ: ಒಬ್ಬರೇ ಐದು ನಿಮಿಷದಲ್ಲಿ ಹತ್ತಾರು ಟಾಸ್ಕ್ ಸರಿಸಿರುವ ಸಾಲುಗಳನ್ನು ಲಾಗ್‌ನಲ್ಲಿ ಹುಡುಕಿ. ಒಂದೇ ನಿಮಿಷದಲ್ಲಿ ‘ಮಾಡಬೇಕು’ ಇಂದ ‘ನಡೆಯುತ್ತಿದೆ’ಗೆ, ಅಲ್ಲಿಂದ ‘ಮುಗಿದಿದೆ’ಗೆ ಹೋದ ಟಾಸ್ಕ್‌ಗಳೂ ಇದೇ ಜಾತಿ.

ಇದನ್ನು ಪರೀಕ್ಷಿಸಲು ಇನ್ನೊಂದು ಒಳ್ಳೇ ಉಪಾಯ ಇದೆ. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಬೀತು ಮಾಡಿದ ಒಂದು ನಿಯಮ. ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ, ಒಂದು ಕೆಲಸ ಸರಾಸರಿ ಎಷ್ಟು ದಿನ ಒಳಗಿರುತ್ತದೆ ಎಂಬುದು ಸಿಗುತ್ತದೆ. ಬೋರ್ಡ್‌ನಲ್ಲಿ ಸದಾ ಸುಮಾರು 24 ಟಾಸ್ಕ್ ನಡೆಯುತ್ತಿದ್ದು, ದಿನಕ್ಕೆ 3 ಮುಗಿಯುತ್ತಿದ್ದರೆ ಅದು 8 ದಿನ. ಬರುವ ಕೆಲಸ, ಹೋಗುವ ಕೆಲಸ ಹೆಚ್ಚುಕಡಿಮೆ ಸಮ ಇದ್ದಾಗ ಇದು ಹೊಂದುತ್ತದೆ. ನಿಮ್ಮ ಲಾಗ್ ಸರಾಸರಿ 3 ದಿನ ಎನ್ನುತ್ತಿದ್ದರೆ ಎಲ್ಲೋ ತಪ್ಪಿದೆ. ಒಂದೋ ಕಾರ್ಡ್‌ಗಳು ತಡವಾಗಿ ಒಳಗೆ ಬರುತ್ತಿವೆ, ಇಲ್ಲ ಮುಗಿಯದೆ ಕೊಳೆಯುತ್ತಿರುವ ಟಾಸ್ಕ್‌ಗಳು ಲೆಕ್ಕಕ್ಕೇ ಬರುತ್ತಿಲ್ಲ.

ಸ್ಟೇಟಸ್ ಹೆಸರು ಬದಲಿಸುವುದು. ‘ಟೆಸ್ಟಿಂಗ್’ ಅನ್ನು ‘ಪರೀಕ್ಷೆ’ ಎಂದು ಬದಲಿಸಿದರೆ ಹಳೇ ಸಾಲುಗಳಲ್ಲಿ ಹಳೇ ಹೆಸರೇ ಉಳಿಯಬಹುದು. ಜೋಡಿಸುವಾಗ ಹೆಸರಿನ ಬದಲು ಸ್ಟೇಟಸ್‌ನ ಐಡಿ ಬಳಸಿ. ಹಾಗೇ, ಹೆಸರು ಬದಲಿಸಿದ ದಿನಾಂಕವನ್ನು ಲಾಗ್ ಪಕ್ಕದಲ್ಲೇ ಒಂದು ಟಿಪ್ಪಣಿಯಾಗಿ ಇಡಿ.

ವೆಬ್‌ಹುಕ್ (ಬದಲಾವಣೆ ಆದಾಗ ಸಾಫ್ಟ್‌ವೇರ್ ತಾನಾಗೇ ಕಳಿಸುವ ಸುದ್ದಿ) ಮೂಲಕ ಲಾಗ್ ತುಂಬುತ್ತಿದ್ದರೆ ಒಂದೇ ಸುದ್ದಿ ಎರಡು ಸಲ ಬರುವುದುಂಟು, ಒಮ್ಮೊಮ್ಮೆ ಬರದೇ ಇರುವುದೂ ಉಂಟು. ಬದಲಾವಣೆಯ ಐಡಿ ಆಗಲೇ ಇದ್ದರೆ ಸೇರಿಸಬೇಡಿ. ರಾತ್ರಿ ಒಮ್ಮೆ ಎಪಿಐಯಿಂದ ಹೋಲಿಸಿ, ಬಿಟ್ಟುಹೋದದ್ದನ್ನು ತುಂಬಿ.

ಹಳೇ ಟಾಸ್ಕ್‌ಗಳ ಇತಿಹಾಸ ಸಿಗದಿದ್ದರೆ ಅಂದಾಜಿನ ದಿನಾಂಕ ತುಂಬಲು ಹೋಗಬೇಡಿ. ಖಾಲಿ ಬಿಡಿ. ಖಾಲಿ ಸೆಲ್ ನೋಡಿದವರಿಗೆ ಅದು ಖಾಲಿ ಎಂದು ಗೊತ್ತಾಗುತ್ತದೆ. ಊಹೆಯ ದಿನಾಂಕ ನಿಜದ ಥರವೇ ಕಾಣುತ್ತದೆ.

ಹೆಜ್ಜೆ 9: ಚಾಲೂ ಆದ ಮೇಲೆ

ರಿಪೋರ್ಟ್ ಮಾಡುವ ಮುಂಚೆ ಒಂದು ನಕಲಿ ಟಾಸ್ಕ್ ಮಾಡಿ. ಎಲ್ಲ ಸ್ಟೇಟಸ್‌ಗಳಲ್ಲೂ ಸುತ್ತಿಸಿ, ಹಿಂದಕ್ಕೆ ತನ್ನಿ, ಮುಗಿಸಿ, ಮತ್ತೆ ತೆರೆಯಿರಿ. ಫೋನ್ ಆ್ಯಪ್‌ನಿಂದ ಒಮ್ಮೆ, ಹಲವು ಟಾಸ್ಕ್‌ಗಳನ್ನು ಒಟ್ಟಿಗೆ ಬದಲಿಸುವ ಬಲ್ಕ್ ಎಡಿಟ್‌ನಿಂದ ಒಮ್ಮೆ ಸರಿಸಿ. ಒಂದೊಂದು ಸರಿಸುವಿಕೆಗೂ ಒಂದು ಸಾಲು ಬಂತಾ ಎಂದು ಎಣಿಸಿ. ಬಲ್ಕ್ ಎಡಿಟ್‌ನಲ್ಲಿ ಆಟೊಮೇಷನ್ ಕೈಕೊಡುವುದು ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಒಂದು ಪಟ್ಟಿ ಮಾಡಿ: ಮುಗಿಯದ ಟಾಸ್ಕ್‌ಗಳು, ಈಗಿನ ಸ್ಟೇಟಸ್‌ನಲ್ಲಿ ಎಷ್ಟು ದಿನದಿಂದ ಇವೆ, ಹಳೆಯದು ಮೇಲೆ. ದಿನದ ಮೀಟಿಂಗ್‌ನಲ್ಲಿ ಆ ಪಟ್ಟಿಯ ಮೇಲಿನ ನಾಲ್ಕೈದನ್ನು ಮಾತ್ರ ನೋಡಿ. ಪ್ರತಿ ಸ್ಟೇಟಸ್ ಬದಲಾವಣೆಗೂ ನೋಟಿಫಿಕೇಷನ್ ಇಡಬೇಡಿ, ಎರಡೇ ದಿನದಲ್ಲಿ ಎಲ್ಲರೂ ಮ್ಯೂಟ್ ಮಾಡುತ್ತಾರೆ. ‘ರಿವ್ಯೂನಲ್ಲಿ 3 ದಿನ ದಾಟಿತು’ ಎಂಬಂಥ ಒಂದೆರಡು ಸೂಚನೆ ಸಾಕು.

‘ಸರಿಸಿದ್ದು ಯಾರು’ ಕಾಲಮ್ ಇದೆಯಲ್ಲ, ಅದನ್ನು ಇಟ್ಟುಕೊಂಡು ಯಾರು ಎಷ್ಟು ಬೇಗ ಮಾಡಿದರು ಎಂಬ ಪಟ್ಟಿ ಮಾಡುವ ಆಸೆ ಮ್ಯಾನೇಜರ್‌ಗಳಿಗೆ ಬಂದೇ ಬರುತ್ತದೆ. ಮಾಡಿ ನೋಡಿ. ಮುಂದಿನ ವಾರದಿಂದ ಜನ ಕೆಲಸ ಮುಗಿಸಿದ ಮೇಲೆ ಕಾರ್ಡನ್ನು ‘ನಡೆಯುತ್ತಿದೆ’ಗೆ ಎಳೆದು, ಅರ್ಧ ಗಂಟೆ ಬಿಟ್ಟು ‘ಮುಗಿದಿದೆ’ಗೆ ಹಾಕುತ್ತಾರೆ. ಸಂಖ್ಯೆ ಚೆನ್ನಾಗಿರುತ್ತದೆ, ಲಾಗ್ ಕೆಲಸಕ್ಕೆ ಬಾರದ್ದಾಗುತ್ತದೆ.

ಎರಡು ವಾರ ಕಳೆದ ಮೇಲೆ ಮುಗಿದ ಐದು ಟಾಸ್ಕ್ ಆರಿಸಿ. ಮಾಡಿದವರ ಪಕ್ಕ ಕೂತು, ಲಾಗ್‌ನ ಸಾಲುಗಳನ್ನು ಒಂದೊಂದಾಗಿ ಓದಿ, ‘ಹೀಗೇ ಆಗಿದ್ದಾ?’ ಎಂದು ಕೇಳಿ. ‘ಇಲ್ಲ, ಮಂಗಳವಾರವೇ ಮುಗಿದಿತ್ತು, ಸರಿಸೋಕೆ ಮರೆತೆ’ ಎಂಬ ಉತ್ತರ ಐದರಲ್ಲಿ ಮೂರಕ್ಕೆ ಬಂದರೆ ಹೆಜ್ಜೆ 2ಕ್ಕೆ ವಾಪಸ್ ಹೋಗಿ.